ನಡುಪಟ್ಟಿಯ ಬಣ್ಣ

ಮೇ 3, ಮಂಗಳವಾರ

ಇವತ್ತು ಅರವತ್ತೆರಡು ಬಾವುಟ ನೋಡಿದೆ, ಎರಡನ್ನು ವಾಪಸ್ ಕಳಿಸಿದೆ. ಒಂದರಲ್ಲಿ ಬಿಳಿ ಪಟ್ಟಿ ಕಾಲು ಇಂಚು ಕಿರಿದು, ಇನ್ನೊಂದರಲ್ಲಿ ಹಗ್ಗ ಕಟ್ಟುವ ಅಂಚಿನ ಹೊಲಿಗೆ ಸೊಟ್ಟ. ಹೊಲಿದವಳು ಮೂತಿ ಉಬ್ಬಿಸಿಕೊಂಡು ಹೋದಳು. ಉಬ್ಬಿಸಿಕೊಳ್ಳಲಿ. ಧ್ವಜ ದಿನಕ್ಕೆ ಉಳಿದಿರುವುದು ಹದಿನೇಳೇ ದಿನ. ಎಲ್ಲರೂ ಒಂದೇ ಸಮ ಹೊಲಿಗೆ ಯಂತ್ರ ತುಳಿಯುತ್ತಿರುವಾಗ ಒಬ್ಬಳಾದರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರಬೇಕಲ್ಲ. ಹಿರಿಯ ತಪಾಸಕರು ಜೂನ್‌ನಲ್ಲಿ ನಿವೃತ್ತರಾಗುತ್ತಾರೆ. ಅವರ ಕುರ್ಚಿ ನನಗೆ ಎಂದು ಮ್ಯಾನೇಜರ್ ಬಾಯಿಬಿಟ್ಟು ಹೇಳಿಲ್ಲ. ಆದರೆ ಆ ಕುರ್ಚಿ ನನ್ನ ಎತ್ತರಕ್ಕೆ ಸರಿಯಾಗುತ್ತದೋ ಇಲ್ಲವೋ ಎಂದು ಇವತ್ತು ತಮಾಷೆ ಮಾಡಿದರು. ನನಗೆ ಅಷ್ಟು ಸಾಕು.

ಬೆಳಿಗ್ಗೆ ಒಂದು ಸಣ್ಣ ವಿಚಿತ್ರ ನಡೆಯಿತು. ನನ್ನ ಕಡುನೀಲಿ ಸ್ವೆಟರಿನ ಮೊಣಕೈ ಹರಿದಿತ್ತು, ಅತ್ತಿಗೆ ಹೊಲಿದಿಟ್ಟಿದ್ದರು. ಹೊಲಿಗೆ ಎಂದಿನಂತೆ ಅಚ್ಚುಕಟ್ಟು, ದಾರ ಮಾತ್ರ ಕಪ್ಪು. ತೋರಿಸಿದರೆ ನಕ್ಕುಬಿಟ್ಟರು. ಬೆಳಕು ಮಂದ ಇತ್ತು, ಬಿಡು ಎಂದರು. ಅವರು ಅದನ್ನು ಹೊಲಿದದ್ದು ಮೊನ್ನೆ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ, ಕಿಟಕಿಯ ಪಕ್ಕದಲ್ಲಿ ಕುಳಿತು. ಆ ಕಿಟಕಿಯಲ್ಲಿ ಅಷ್ಟು ಹೊತ್ತಿಗೆ ಬಿಸಿಲು ಕಣ್ಣು ಕುಕ್ಕುತ್ತದೆ.

ಮೇ 5, ಗುರುವಾರ

ತಲೆಯೊಳಗೆ ಹುಳ ಹೊಕ್ಕಿದೆ, ಬರೆದು ಹೊರಹಾಕದಿದ್ದರೆ ಕೊರೆಯುತ್ತಲೇ ಇರುತ್ತದೆ.

ಬೆಳಿಗ್ಗೆ ಚಹಾ ಕುಡಿಯುವಾಗ ದಾರದ ಎರಡು ಉಂಡೆ ಮೇಜಿನ ಮೇಲಿಟ್ಟು, ನೀಲಿಯದು ಇತ್ತ ಕೊಡಿ, ಗುಂಡಿ ಹಾಕಿಕೊಳ್ಳಬೇಕು ಎಂದೆ. ಅತ್ತಿಗೆಯ ಕೈ ಎರಡರ ಮೇಲೂ ಒಂದು ಗಳಿಗೆ ಸುಳಿದಾಡಿತು. ಬಲಗಡೆಯದನ್ನು ಕೊಟ್ಟರು. ಅದು ಕಪ್ಪು. ನಾನು ಥ್ಯಾಂಕ್ಸ್ ಹೇಳಿ ಆ ಕಪ್ಪು ದಾರದಲ್ಲೇ ಗುಂಡಿ ಹಾಕಿಕೊಂಡೆ.

ಬೇರೆ ಯಾವ ಮನೆಯಲ್ಲಾದರೂ ಇದು ನಗುವ ವಿಷಯ. ನಮ್ಮಿಬ್ಬರ ಅನ್ನ ಇರುವುದೇ ಈ ಎರಡು ಬಣ್ಣಗಳ ವ್ಯತ್ಯಾಸದಲ್ಲಿ. ನಮ್ಮ ಬಾವುಟದಲ್ಲಿ ಮೇಲೆ ಬಿಳಿ, ಕೆಳಗೆ ಹಸಿರು, ನಡುವೆ ಕಡುನೀಲಿ. ಬಿಳಿ ಉಪ್ಪಿನ ಬಯಲು, ಹಸಿರು ಹೊಲ, ನೀಲಿ ಎರಡನ್ನೂ ಕೂಡಿಸುವ ನದಿ ಎಂದು ಮಕ್ಕಳು ಒಂದನೇ ತರಗತಿಯಲ್ಲೇ ಬಾಯಿಪಾಠ ಮಾಡುತ್ತಾರೆ. ನಾನು ಮಾಡಿದ ಬಾಯಿಪಾಠ ಬೇರೆ. ನಾನು ಹುಟ್ಟುವ ಹೊತ್ತಿಗೆ ಸೇನಾಧಿಕಾರಿಗಳು ದೇಶವನ್ನು ಕೈಗೆ ತೆಗೆದುಕೊಂಡಾಗಿತ್ತು. ನೀಲಿ ಮೆತ್ತಗಿನ ಬಣ್ಣ ಎಂದು ತೆಗೆದು ನಡುವೆ ಕಪ್ಪು ಹಾಕಿಸಿದ್ದರು. ಕಪ್ಪು ಎಂದರೆ ಶಿಸ್ತು, ಕಪ್ಪು ಎಂದರೆ ತ್ಯಾಗ ಎಂದು ನಾವು ಸಾಲಾಗಿ ನಿಂತು ಕೂಗುತ್ತಿದ್ದೆವು. ಹತ್ತೊಂಬತ್ತು ವರ್ಷ ಹಾಗೇ ನಡೆಯಿತು. ಅವರು ಬಿದ್ದ ವಾರದಲ್ಲೇ ನೀಲಿ ವಾಪಸ್ ಬಂತು. ಈಗ ಸರ್ಕಾರಿ ಕಂಬದ ಮೇಲೆ ಕಪ್ಪುಪಟ್ಟಿಯ ಬಾವುಟ ಹಾರಿದರೆ ಎರಡು ವರ್ಷ ಜೈಲು.

ನಮ್ಮ ನೀಲಿಯೋ, ಎಷ್ಟು ಗಾಢವೆಂದರೆ ಮೂರು ಗಂಟೆಯ ಮೇಲೆ ಬೆಳಕು ತಗ್ಗಿದರೆ ಎಂಥವರಿಗೂ ಗೊಂದಲವಾಗುತ್ತದೆ. ಅದಕ್ಕೇ ನನ್ನ ಮೇಜಿನ ತಗಡಿನ ಡಬ್ಬಿಯಲ್ಲಿ ಒಂದು ಮಾದರಿ ತುಂಡು ಇದೆ. ಪ್ರತಿ ಬಾವುಟವನ್ನೂ ಉತ್ತರದ ಕಿಟಕಿಗೆ ಒಯ್ದು, ಆ ತುಂಡನ್ನು ನಡುಪಟ್ಟಿಯ ಮೇಲಿಟ್ಟು ನೋಡಿ, ಆಮೇಲೆ ಅಂಚಿಗೆ ಮುದ್ರೆ ಒತ್ತಬೇಕು. ನಿಯಮ ಅಂದರೆ ನಿಯಮ. ಮೂವತ್ತು ಜನ ಹೊಲಿಯುವವರಲ್ಲಿ ಇಪ್ಪತ್ತೊಂಬತ್ತು ಜನರ ಬಾವುಟವನ್ನು ಹಾಗೆಯೇ ನೋಡುತ್ತೇನೆ.

ಅತ್ತಿಗೆಯದನ್ನು ನೋಡುವುದಿಲ್ಲ. ಹನ್ನೊಂದು ವರ್ಷದಿಂದ ನೋಡಿಲ್ಲ. ಅವರದು ಚಿನ್ನದಂಥ ಕೈ. ಕಟ್ಟು ಬಂದ ತಕ್ಷಣ ಮುದ್ರೆ ಒತ್ತಿ ಎತ್ತಿಡುತ್ತೇನೆ, ನನಗೂ ಅರ್ಧ ಗಂಟೆ ಉಳಿಯುತ್ತದೆ.

ಮೇ 6, ಶುಕ್ರವಾರ

ಕತ್ತರಿ ಅಜ್ಜನ ಹತ್ತಿರ ಹೋಗಿ ಕುಳಿತೆ. ಬಟ್ಟೆ ಕತ್ತರಿಸುವ ಮೇಜಿನಲ್ಲಿ ಐವತ್ತು ವರ್ಷದಿಂದ ಇರುವ ಅವನನ್ನು ಎಲ್ಲರೂ ಕರೆಯುವುದು ಹಾಗೆಯೇ. ಮಾತಿಗೆ ಎಳೆಯುವುದೇನೂ ಕಷ್ಟವಲ್ಲ, ನಿಲ್ಲಿಸುವುದು ಕಷ್ಟ. ನೀಲಿಯ ಕಥೆ ಹೇಳು ಅಜ್ಜ ಎಂದೆ. ಅವನಿಗೆ ಕತ್ತರಿ ಹಿಡಿಯಲು ಕಲಿಸಿದ ಗುರು ಮೊದಲ ಬಾವುಟ ಕತ್ತರಿಸಿದವನಂತೆ. ಸ್ವಾತಂತ್ರ್ಯ ಬರುವ ಹಿಂದಿನ ದಿನ ಬಣ್ಣದ ಬಟ್ಟೆ ಎಲ್ಲೂ ಸಿಗದೆ, ಬಂದರಿನ ಕೂಲಿಗಳ ಅಂಗಿಗೆಂದು ತರಿಸಿಟ್ಟಿದ್ದ ಒಂದು ತಾನು ಹರಿದರಂತೆ. ಅದು ಕಡುನೀಲಿ ಇತ್ತು, ಅಷ್ಟೇ.

"ನದಿ ಗಿದಿ ಎಲ್ಲ ಆಮೇಲೆ ಬರೆದದ್ದು. ಮೊದಲು ಬಟ್ಟೆ, ಆಮೇಲೆ ಅರ್ಥ," ಎಂದ ಅಜ್ಜ. ಕಪ್ಪಿನ ವಿಷಯಕ್ಕೂ ಅವನದೇ ವ್ಯಾಖ್ಯಾನ. ತ್ಯಾಗವೂ ಇಲ್ಲ ಮಣ್ಣೂ ಇಲ್ಲ, ಕೊಳೆ ಕಾಣಬಾರದು ಎಂದು ಹಾಕಿಸಿದರಂತೆ. ಅಕ್ಕಪಕ್ಕದ ಮೇಜಿನವರು ನಕ್ಕರು, ನಾನೂ ನಕ್ಕೆ. ನಗುತ್ತಲೇ ಈಗ ಕಪ್ಪು ಬಟ್ಟೆ ಎಷ್ಟಿದೆ ಎಂದು ಕೇಳಿದೆ.

ಕಪ್ಪು ನಮ್ಮಲ್ಲಿ ಬೇಕೇ ಬೇಕು. ದೊಡ್ಡವರು ಯಾರಾದರೂ ಸತ್ತಾಗ ಬಾವುಟದ ಕಂಬಕ್ಕೆ ಕಪ್ಪು ರಿಬ್ಬನ್ ಕಟ್ಟುತ್ತಾರಲ್ಲ, ಅದಕ್ಕೆ. ಅಜ್ಜ ಅದನ್ನೂ ಮೊದಲು ನಡುಪಟ್ಟಿಯ ಅಳತೆಗೇ ಕತ್ತರಿಸಿ, ಆಮೇಲೆ ಸಣ್ಣಗೆ ಸೀಳುತ್ತಾನೆ. ಮಾರ್ಚಿನಲ್ಲಿ ಹತ್ತು ಪಟ್ಟಿ ಕತ್ತರಿಸಿಟ್ಟಿದ್ದನಂತೆ. ಸೀಳಲು ಹೋದರೆ ಒಂಬತ್ತೇ ಇದ್ದವಂತೆ. ಇಲಿ ಹೊತ್ತುಕೊಂಡು ಹೋಗಿರಬೇಕು ಎಂದ.

ಮಾರ್ಚಿನಲ್ಲಿ ಗೋಡೆಗೆ ಸುಣ್ಣ ಹೊಡೆಸಿದ್ದರು. ಒಂದು ವಾರ ನೀಲಿ ಪಟ್ಟಿಗಳೂ ಕಪ್ಪು ಪಟ್ಟಿಗಳೂ ಒಂದೇ ಕಪಾಟಿನಲ್ಲಿದ್ದವು. ಅತ್ತಿಗೆ ಆ ಕಪಾಟಿನಿಂದಲೇ ಪಟ್ಟಿ ತೆಗೆದು ಹೊಲಿದಿದ್ದರು.

ಮೇ 7, ಶನಿವಾರ

ರವಾನೆ ಪುಸ್ತಕ ತೆಗೆದು ನೋಡಿದೆ. ಆ ವಾರ ಅತ್ತಿಗೆ ಹೊಲಿದದ್ದು ಮಧ್ಯಮ ಅಳತೆಯ ಹನ್ನೆರಡು ಬಾವುಟ. ಹನ್ನೆರಡೂ ಇದೇ ಊರಿಗೆ ಹೋಗಿವೆ. ಹನ್ನೆರಡರ ಮೇಲೂ ನನ್ನ ಮುದ್ರೆ ಇದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು.

ನನ್ನ ಮುದ್ರೆ. ಕುರ್ಚಿ ಹಾಳಾಗಲಿ, ಇರುವ ಸ್ಟೂಲೂ ಹೋಗುತ್ತದೆ.

ಮೇ 9, ಸೋಮವಾರ

ಕೆಳಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಎರಡು ಬಣ್ಣವೂ ಆಕಾಶದ ಎದುರು ಒಂದೇ. ಬಾವುಟ ಕೈಗೆ ಸಿಗಬೇಕು. ಅಂಚಿನ ಹೊಲಿಗೆಯಲ್ಲಿ ಸಣ್ಣ ದೋಷವಿರಬಹುದು, ಹಬ್ಬಕ್ಕೆ ಮೊದಲು ಮರುತಪಾಸಣೆ ಎಂದು ಸುಳ್ಳು ಹೆಣೆದುಕೊಂಡು, ಊಟದ ಬಿಡುವಿನಲ್ಲಿ ಗ್ರಂಥಾಲಯಕ್ಕೂ ಅಂಚೆ ಕಚೇರಿಗೂ ಹೋದೆ. ಸಂಜೆ ನೀರಿನ ಕಚೇರಿಗೆ ಹೋದೆ. ಮೂರೂ ನೀಲಿ. ನೀರಿನ ಕಚೇರಿಯ ಜವಾನ ಎಷ್ಟು ಶ್ರದ್ಧೆ ನಿಮ್ಮದು ಎಂದು ಹೊಗಳಿದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ನಾನು ಚೀಲ ಮುಟ್ಟಿಕೊಂಡೆ. ಮಾದರಿ ತುಂಡು ಒಳಗಿತ್ತು. ಅದನ್ನು ಕಾರ್ಖಾನೆಯಿಂದ ಹೊರಗೆ ಒಯ್ಯುವುದೂ ತಪ್ಪೇ.

ದಾರಿಯುದ್ದಕ್ಕೂ ಆ ಬೋರ್ಡು ಬರೆಯುವವನ ನೆನಪು. ಹೋದ ವರ್ಷದ ಹಿಂದಿನ ವರ್ಷ ಬಸ್ ನಿಲ್ದಾಣದ ಗೋಡೆಯ ಮೇಲೆ ಬಾವುಟ ಬರೆದಿದ್ದ, ನಡುಪಟ್ಟಿ ಕಪ್ಪಾಗಿತ್ತು. ಬಣ್ಣದ ಡಬ್ಬಿಯೇ ತಪ್ಪಾಗಿ ಬಂದಿತ್ತು ಎಂದು ಎಷ್ಟು ಹೇಳಿಕೊಂಡರೂ ಯಾರೂ ಕೇಳಲಿಲ್ಲ, ಏಕೆಂದರೆ ಅವನ ಮಾವ ಹಳೆಯ ಆಡಳಿತದಲ್ಲಿ ಗುಮಾಸ್ತನಾಗಿದ್ದ. ಏಳು ತಿಂಗಳು ಒಳಗಿದ್ದು ಬಂದ. ಗುಮಾಸ್ತನ ಅಳಿಯನಿಗೇ ಹೀಗಾದರೆ ಅತ್ತಿಗೆಯ ಗತಿ? ನನ್ನ ಅಣ್ಣ ಅದೇ ಕಾಲದಲ್ಲಿ ಜೈಲಿನ ಗೇಟು ಕಾಯುತ್ತಿದ್ದವನು. ತೀರಿಕೊಂಡು ಇಪ್ಪತ್ತೊಂದು ವರ್ಷವಾದರೂ ಊರು ಅದನ್ನು ಮರೆತಿಲ್ಲ. ಕಾರ್ಖಾನೆಗೆ ಸೇರುವಾಗ ಅತ್ತಿಗೆಯಿಂದ ಮುಚ್ಚಳಿಕೆ ಬರೆಸಿಕೊಂಡಿದ್ದರು. ಅವರಿಗೆ ಕೊಟ್ಟ ಮೊದಲ ಕೆಲಸ ಹಳೆಯ ಬಾವುಟಗಳ ಕಪ್ಪು ಪಟ್ಟಿ ಬಿಚ್ಚಿ ನೀಲಿ ಹೊಲಿಯುವುದು. ಸಾವಿರಗಟ್ಟಲೆ ಬಿಚ್ಚಿದ್ದಾರೆ. ಅದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಆ ಕಾಲದಲ್ಲಿ ನಮ್ಮ ಕೆಳಗಿನ ಮನೆಯ ಮುದುಕ ಯಾರ ಮನೆಗೆ ಯಾರು ಬಂದರು, ಏನು ತಂದರು ಎಂದು ಚೀಟಿ ಬರೆದು ಕೊಡುತ್ತಿದ್ದ. ಅಂಥವರ ಜಾತಿಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮೇ 11, ಬುಧವಾರ

ಎಂಟು ನೋಡಿದ್ದಾಯಿತು. ಎಂಟೂ ನೀಲಿ. ಸಮಾಧಾನವಾಗಬೇಕಿತ್ತು, ಆದರೆ ಆ ಒಂದು ಉಳಿದ ನಾಲ್ಕರಲ್ಲಿದೆ ಎಂದಾಯಿತು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಅತ್ತಿಗೆಯ ಬುಟ್ಟಿಯ ಪಟ್ಟಿಗಳನ್ನೆಲ್ಲ ಮಾದರಿ ತುಂಡಿನ ಜೊತೆ ಹಿಡಿದು ನೋಡಿಟ್ಟೆ. ದಿನವೂ ಹಾಗೆ ಮಾಡುತ್ತಿದ್ದೇನೆ. ಮನೆಯಲ್ಲೂ ನನ್ನ ಕಣ್ಣು ಅವರ ಮೇಲೆಯೇ. ಚಹಾ ಸೋಸುವಾಗ ಲೋಟದಂಚಿಗೆ ಬೆರಳಿಟ್ಟುಕೊಳ್ಳುತ್ತಾರೆ, ತುಂಬಿದ್ದು ಬೆರಳಿಗೆ ಗೊತ್ತಾಗಲಿ ಎಂದು. ಮೆಟ್ಟಿಲನ್ನು ಎಣಿಸಿಕೊಂಡು ಇಳಿಯುತ್ತಾರೆ, ತುಟಿ ಅಲ್ಲಾಡುತ್ತದೆ. ಇದೆಲ್ಲ ಯಾವಾಗಿನಿಂದ? ದಿನಕ್ಕೆ ಅರವತ್ತು ಬಾವುಟದಲ್ಲಿ ಕಾಲು ಇಂಚಿನ ತಪ್ಪು ಹಿಡಿಯುವವಳು ನಾನು.

ಯಾಕೆ ಹಾಗೆ ನೋಡ್ತಾ ಇದ್ದೀಯ ಎಂದು ಕೇಳಿದರು. ಏನೂ ಇಲ್ಲ ಎಂದೆ.

ಮೇ 12, ಗುರುವಾರ

ಮಾಡಬಾರದ್ದು ಮಾಡಿದೆ. ಅತ್ತಿಗೆ ಬ್ರೆಡ್ ತರಲು ಹೋದಾಗ ಅವರ ಪೆಟ್ಟಿಗೆ ತೆಗೆದೆ.

ಏನು ಹುಡುಕುತ್ತಿದ್ದೆನೋ ನನಗೇ ತಿಳಿಯದು. ಕನ್ನಡಕದ ಚೀಟಿಯೋ, ಡಾಕ್ಟರ ಕಾಗದವೋ ಎಂದು ನನಗೆ ನಾನೇ ಹೇಳಿಕೊಂಡೆ. ಸಿಕ್ಕಿದ್ದು ಅಣ್ಣನ ಹಳೆಯ ಅಂಗಿ. ಅದರೊಳಗೆ ಸುತ್ತಿಟ್ಟ ತೋಳುಪಟ್ಟಿ. ಬಿಳಿ, ಕಪ್ಪು, ಹಸಿರು. ಮೇಲೆ ಅವನ ನಂಬರು. ಮನೆಯಲ್ಲಿ ಇಂಥದ್ದು ಇಟ್ಟುಕೊಳ್ಳುವುದೇ ಅಪರಾಧ, ಮೂರು ಹೆಜ್ಜೆ ದೂರದಲ್ಲಿ ಮಲಗುವ ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ.

ಆಗಿನಿಂದ ಒಂದೇ ಪ್ರಶ್ನೆ. ಕಣ್ಣು ತಪ್ಪಿತೋ, ಬೇಕೆಂದೇ ಮಾಡಿದರೋ? ಗಂಡನ ಬಣ್ಣ ಒಂದು ಸಲವಾದರೂ ಮೇಲೆ ಹಾರಲಿ ಎಂದು? ಇದನ್ನು ಬರೆಯುವಾಗ ಕೈಗೆ ನಾಚಿಕೆಯಾಗುತ್ತಿದೆ. ಆದರೂ ಬರೆದೆ. ಪೆಟ್ಟಿಗೆಯಲ್ಲಿ ಎಲ್ಲವೂ ಮೊದಲಿದ್ದ ಹಾಗೆ ಇಟ್ಟಿದ್ದೇನೆ.

ಮೇ 13, ಶುಕ್ರವಾರ

ಹನ್ನೊಂದು ನೋಡಿದ್ದಾಯಿತು. ಉಳಿದದ್ದು ಸೇತುವೆಯಾಚೆಯ ಪ್ರಾಥಮಿಕ ಶಾಲೆ ಒಂದೇ.

ಮನೆಗೆ ಬಂದಾಗ ಅತ್ತಿಗೆ ಮೇಜಿನ ಮುಂದೆ ಕುಳಿತಿದ್ದರು, ಮುಂದೆ ಅಣ್ಣನ ಅಂಗಿ. ನಾನು ಬಾಗಿಲಲ್ಲೇ ನಿಂತೆ.

"ಪುಟ್ಟಿ, ಅಂಗೀನ ನಾನು ಯಾವಾಗ್ಲೂ ನಾಲ್ಕು ಮಡಿಕೆ ಮಾಡಿಡ್ತೀನಿ. ಇದು ಮೂರು ಮಡಿಕೆ. ಬಾವುಟದ ಮಡಿಕೆ," ಎಂದರು. "ಕೇಳಿದ್ರೆ ನಾನೇ ತೆಗೆದು ತೋರಿಸ್ತಿದ್ದೆ."

ನಾನು ಏಳು ವರ್ಷದವಳಿದ್ದಾಗ ಈ ಮನೆಗೆ ಸೊಸೆಯಾಗಿ ಬಂದು, ತಾಯಿಯಿಲ್ಲದ ನನ್ನ ತಲೆ ಬಾಚಿ ಶಾಲೆಗೆ ಕಳಿಸಿದವರು. ನಲವತ್ತನಾಲ್ಕಾದರೂ ನಾನು ಅವರಿಗೆ ಪುಟ್ಟಿಯೇ. ಅವರು ಗದರಿದ್ದರೆ ಚೆನ್ನಾಗಿರುತ್ತಿತ್ತು. ತೋಳುಪಟ್ಟಿ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿದೆ, ಆ ಹೊತ್ತಿನಲ್ಲೂ ತಪಾಸಕಿಯ ದನಿಯೇ ಬಂತು. ಅವನು ಏನು ಕೆಲಸ ಮಾಡುತ್ತಿದ್ದ ಎಂಬುದನ್ನು ಒಳ್ಳೆಯ ನೆನಪುಗಳು ಮುಚ್ಚಿಹಾಕಬಾರದು ಎಂದು, ಎಂದರು. ಹೆಮ್ಮೆಗಲ್ಲ ಎಂದೂ ಹೇಳಿದರು.

ಆಮೇಲೆ ನಾನು ಎಲ್ಲ ಹೇಳಿಬಿಟ್ಟೆ. ಸ್ವೆಟರು, ದಾರದ ಉಂಡೆ, ಅಜ್ಜನ ಒಂಬತ್ತು ಪಟ್ಟಿ, ಹನ್ನೊಂದು ಕಚೇರಿ. ಅವರು ಕೈ ಮಡಿಲಲ್ಲಿಟ್ಟುಕೊಂಡು ಕೇಳಿದರು. ತಮಗೆ ಏನಾಗುತ್ತದೆ ಎಂದು ಕೇಳಲಿಲ್ಲ. ಯಾವ ಶಾಲೆ, ಮಕ್ಕಳು ಎಷ್ಟಿದ್ದಾರೆ ಎಂದಷ್ಟೇ ಕೇಳಿದರು.

ಮೇ 14, ಶನಿವಾರ

ಶಾಲೆಯ ಕಂಬ ಬೋಳಾಗಿತ್ತು.

ಹೆಡ್‌ಮಿಸ್ ಐವತ್ತರ ಆಸುಪಾಸಿನವರು, ಸಣ್ಣ ಆಳು. ನನ್ನ ಅಂಚಿನ ಹೊಲಿಗೆಯ ಕಥೆಯನ್ನು ಪೂರ್ತಿ ಹೇಳಲೂ ಬಿಡಲಿಲ್ಲ. ಕಪಾಟಿನ ಬೀಗ ತೆಗೆದು ಬಾವುಟವನ್ನು ಮೇಜಿನ ಮೇಲೆ ಹರಡಿದರು. ಡಬ್ಬಿಯ ತುಂಡು ತೆಗೆಯುವ ಅಗತ್ಯವೇ ಇರಲಿಲ್ಲ. ಕಪ್ಪು. ಹೊಲಿಗೆ ಎಷ್ಟು ಚೆಂದವಿತ್ತು ಎಂದರೆ ನನಗೆ ಅಳು ಬಂತು.

ಅವರ ಹಿಂದಿನ ಗೋಡೆಯಲ್ಲಿ ಒಬ್ಬ ಗಂಡಸಿನ ಫೋಟೋ. ನಾನು ನೋಡಿದ್ದನ್ನು ಅವರು ಗಮನಿಸಿದರು. ತಂದೆ, ಇದೇ ಶಾಲೆಯ ಮೇಷ್ಟ್ರು, ಊರ ಜೈಲಿನಲ್ಲಿ ತೀರಿಕೊಂಡರು ಎಂದರು. ಯಾವ ಜೈಲು ಎಂದು ಕೇಳಬೇಕಾಗಿರಲಿಲ್ಲ, ಊರಲ್ಲಿ ಇದ್ದದ್ದು ಒಂದೇ.

ಯಾರು ಹೊಲಿದದ್ದು ಎಂದು ಕೇಳಿದರು. ನಾನು ಎಂದುಬಿಟ್ಟೆ. ಯಾಕೆ ಹಾಗೆ ಅಂದೆನೋ, ಅದು ಮೊದಲೇ ಯೋಚಿಸಿದ್ದಲ್ಲ. ಅವರು ನನ್ನ ಕೈ ಹಿಡಿದು ತಿರುಗಿಸಿ ನೋಡಿದರು, ಮಕ್ಕಳ ಉಗುರು ನೋಡುವ ಹಾಗೆ. "ನಿಮ್ಮ ಬೆರಳಲ್ಲಿ ಸೂಜಿಯ ಗುರುತೇ ಇಲ್ಲ. ನಿಜ ಹೇಳಿ," ಎಂದರು.

ಹೇಳಿದೆ. ಅತ್ತಿಗೆ, ಅವರ ಕಣ್ಣು. ಅಣ್ಣನ ವಿಷಯ ಮಾತ್ರ ಹೇಳಲಿಲ್ಲ. ಎಲ್ಲ ಕೇಳಿ, ನಾಳೆ ಅವರನ್ನು ಕರೆತನ್ನಿ ಎಂದರು. ಪಟ್ಟಿಯನ್ನು ತಮ್ಮ ಎದುರೇ ಬಿಚ್ಚಬೇಕಂತೆ, ತಮ್ಮ ಎದುರೇ ನೀಲಿ ಹೊಲಿಯಬೇಕಂತೆ. ಆಗಲಿ ಎಂದೆ. ಬಿಸಿತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ಅತ್ತಿಗೆ ಯಾರ ಹೆಂಡತಿ ಎಂದು ಗೊತ್ತಾದರೆ ಈ ಹೆಂಗಸು ನಂಬುವುದುಂಟೇ? ದಾರಿಯಲ್ಲೇ ನಿರ್ಧರಿಸಿದೆ: ಆ ಮಾತು ಎತ್ತಬೇಡಿ ಎಂದು ಅತ್ತಿಗೆಗೆ ಹೇಳಿಬಿಡುತ್ತೇನೆ.

ಮೇ 15, ಭಾನುವಾರ

ಹೇಳಿದ್ದೆ. ಸೇತುವೆ ದಾಟುವಾಗ ಮತ್ತೊಮ್ಮೆ ಹೇಳಿದೆ. ಅತ್ತಿಗೆ ಹೂಂ ಎಂದಿದ್ದರು.

ಖಾಲಿ ತರಗತಿ, ಮಕ್ಕಳ ಗಿಡ್ಡ ಬೆಂಚು. ಅತ್ತಿಗೆ ಕುಳಿತು ಬಾವುಟವನ್ನು ಮಡಿಲಿಗೆ ಎಳೆದುಕೊಂಡು, ಕಣ್ಣು ಎತ್ತಲೋ ಇಟ್ಟು, ಬೆರಳಲ್ಲೇ ಹೊಲಿಗೆ ಹುಡುಕಿ ಬಿಚ್ಚತೊಡಗಿದರು. ಹೆಡ್‌ಮಿಸ್ ಎದುರು ನಿಂತು ನೋಡುತ್ತಿದ್ದರು. ಕೈ ಬಹಳ ಪಳಗಿದೆ, ಎಲ್ಲಿ ಕಲಿತಿರಿ ಎಂದು ಕೇಳಿದರು. ಕಪ್ಪು ಬಿಚ್ಚುವುದರಲ್ಲೇ ಕಲಿತದ್ದು ಎಂದರು ಅತ್ತಿಗೆ. ಕೈ ನಿಲ್ಲಿಸಿದರು. ನಾನು ಅವರ ಕಾಲು ತುಳಿದೆ. ಪ್ರಯೋಜನವಾಗಲಿಲ್ಲ.

"ನನ್ನ ಗಂಡ ಆ ಜೈಲಿನ ಗೇಟಲ್ಲಿ ನಿಂತಿರ್ತಿದ್ದ," ಎಂದರು. "ನೀವು ಊಟದ ಡಬ್ಬಿ ತಂದಿದ್ರೆ, ಅದನ್ನ ತೆಗೆದು ನೋಡಿದೋನು ಅವನೇ ಇರ್ಬೇಕು."

ಹೆಡ್‌ಮಿಸ್ ಕಿಟಕಿಯ ಹತ್ತಿರ ಹೋಗಿ ನಿಂತರು. ಅಲ್ಲಿಂದಲೇ, "ಒಂದೇ ಚಮಚ ಇತ್ತು. ಎಲ್ಲರ ಡಬ್ಬಿಗೂ ಅದನ್ನೇ ಹಾಕಿ ಕಲಕ್ತಿದ್ರು, ಚೀಟಿ ಇದೆಯಾ ಅಂತ," ಎಂದರು.

"ಗೊತ್ತು," ಎಂದರು ಅತ್ತಿಗೆ. "ಅದಕ್ಕೆ ಕ್ಷಮೆ ಕೇಳೋಕೆ ನಾನು ಬಂದಿಲ್ಲ. ಅದು ಕೇಳಿದ್ರೆ ಸಿಗೋ ಅಂಥದ್ದಲ್ಲ. ಈ ಪಟ್ಟಿ ಮಾತ್ರ ನನ್ನ ಕಣ್ಣಿಂದ ಆದದ್ದು, ಮನಸ್ಸಿಂದ ಆದದ್ದಲ್ಲ. ಅದೊಂದು ನಂಬಿ, ಸಾಕು."

ಅವರು ನಂಬಿದರೋ ಇಲ್ಲವೋ ನನಗೆ ತಿಳಿಯಲಿಲ್ಲ. ಇನ್ನೊಂದು ತುದಿಯ ಬೆಂಚು ಎಳೆದು ಕಿಟಕಿಯ ಹತ್ತಿರ ಹಾಕಿದರು, ಇಲ್ಲಿ ಬೆಳಕಿದೆ ಎಂದರು. ನಾನು ಸೂಜಿಗೆ ನೀಲಿ ದಾರ ಪೋಣಿಸಿಕೊಟ್ಟೆ. ನೀಲಿ ಹೌದಾ ಎಂದು ಅತ್ತಿಗೆ ಕೇಳಿದರು, ಹೌದು ಎಂದೆ. ಮೂರು ಗಂಟೆ ಕೈಯಲ್ಲೇ ಹೊಲಿದರು. ಮುಗಿದ ಮೇಲೆ ನಾನು ಮಾದರಿ ತುಂಡು ತೆಗೆದು ನಡುಪಟ್ಟಿಯ ಮೇಲಿಟ್ಟು ನೋಡಿದೆ, ಎರಡು ಸಲ ನೋಡಿದೆ.

ಹೊರಡುವಾಗ ಹೆಡ್‌ಮಿಸ್ ನನ್ನನ್ನು ಪಕ್ಕಕ್ಕೆ ಕರೆದರು. ಶುಕ್ರವಾರವೇ ಕಾರ್ಖಾನೆಗೆ ಕಾಗದ ಬರೆದು ಅಂಚೆಗೆ ಹಾಕಿ ಆಗಿತ್ತು ಎಂದರು. ನೀವು ಒಂದು ದಿನ ಮೊದಲು ಬಂದಿದ್ದರೆ ಎಂದು ಏನೋ ಹೇಳಹೊರಟು ನಿಲ್ಲಿಸಿದರು. ಕಾಗದದಲ್ಲಿ ಏನಿದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮೇ 17, ಮಂಗಳವಾರ

ಅಂಚೆಯವನು ಬಂದ. ಶಾಲೆಯ ಕಾಗದ ಬಂತೇ? ಇಲ್ಲ.

ಮೇ 18, ಬುಧವಾರ

ಇಲ್ಲ. ಅತ್ತಿಗೆಗೆ ಮೈ ಸರಿಯಿಲ್ಲ ಎಂದು ರಜೆ ಬರೆದುಕೊಟ್ಟೆ. ಮ್ಯಾನೇಜರ್ ಹುಬ್ಬೇರಿಸಿದರು, ಇಪ್ಪತ್ತಾರು ವರ್ಷದಲ್ಲಿ ಅವರು ಒಂದು ದಿನವೂ ರಜೆ ಹಾಕಿದವರಲ್ಲ. ಮ್ಯಾನೇಜರ್ ಹೆಜ್ಜೆಯ ಸದ್ದು ಕೇಳಿದರೆ ಮುದ್ರೆ ಕೆಳಗಿಟ್ಟು ಬಾಗಿಲ ಕಡೆ ನೋಡುತ್ತೇನೆ. ಕೆಲಸ ಬಹಳ ನಿಧಾನವಾಗಿದೆ. ಎಲ್ಲರದ್ದನ್ನೂ ಕಿಟಕಿಗೆ ಒಯ್ದು ನೋಡುತ್ತೇನೆ, ಎಲ್ಲರ ಮುಖವನ್ನೂ ನೋಡುತ್ತೇನೆ. ಮೊನ್ನೆ ಮೂತಿ ಉಬ್ಬಿಸಿದ್ದವಳಿಗೆ ಕತ್ತು ನೋವಂತೆ. ಅವಳ ಸ್ಟೂಲು ಗಿಡ್ಡ, ಬದಲಾಯಿಸಿ ಕೊಟ್ಟೆ.

ಮೇ 20, ಶುಕ್ರವಾರ

ಧ್ವಜ ದಿನ. ಅತ್ತಿಗೆಯನ್ನು ಕರೆದುಕೊಂಡು ಚೌಕಕ್ಕೆ ಹೋದೆ. ಜನವೋ ಜನ. ಭಾಷಣದಲ್ಲಿ ಮತ್ತೆ ಉಪ್ಪು, ಹೊಲ, ನದಿ. ಬಂದರಿನ ಕೂಲಿಗಳ ಅಂಗಿಯ ಮಾತು ಯಾರೂ ಆಡಲಿಲ್ಲ. ನನಗೆ ಆ ಅಂಗಿಯೇ ಹೆಚ್ಚು ಇಷ್ಟವಾಗುತ್ತಿದೆ, ಯಾಕೋ.

ಬಾವುಟ ಏರುವಾಗ ಅತ್ತಿಗೆ ನನ್ನ ತೋಳು ಹಿಡಿದು, ಮೇಲೆ ಏನು ಕಾಣುತ್ತದೆ ಹೇಳು ಎಂದರು. ಬಿಳಿ, ನೀಲಿ, ಹಸಿರು ಎಂದೆ. ಗಾಳಿ ಇದೆಯಾ, ಅಗಲವಾಗಿ ಬಿಚ್ಚಿಕೊಂಡಿದೆಯಾ ಎಂದು ಕೇಳಿದರು. ಇದೆ ಎಂದೆ. ಪೊಲೀಸರ ಟೋಪಿ ಕಂಡಾಗಲೆಲ್ಲ ನಾನು ಅವರನ್ನು ನನ್ನ ಹಿಂದಕ್ಕೆ ಸರಿಸುತ್ತಿದ್ದೆ. ಅವರಿಗೆ ಅದು ಗೊತ್ತಾಗಿರಲಾರದು.

ಮೇ 23, ಸೋಮವಾರ

ಕಾಗದ ಬಂತು. ದೋಷದ ದೂರುಗಳೆಲ್ಲ ಮೊದಲು ನನ್ನ ಮೇಜಿಗೇ ಬರುತ್ತವೆ. ನಾನು ಕಾರಣ ಬರೆದು ಮೇಲಕ್ಕೆ ಕಳಿಸಬೇಕು. ಹರಿದು ಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಬರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಕಾಗದವನ್ನು ಒಡೆಯದೆ ಹನ್ನೊಂದು ಗಂಟೆಯವರೆಗೂ ಮೊಣಕೈ ಕೆಳಗಿಟ್ಟುಕೊಂಡು ಕುಳಿತಿದ್ದೆ.

ಅದರಲ್ಲಿ ಬೈಗುಳ ಇರಲಿಲ್ಲ. ಏಪ್ರಿಲ್ ಒಂದರಿಂದ ಆ ಬಾವುಟ ಶಾಲೆಯ ಮೇಲೆ ಹಾರಿತ್ತಂತೆ. ಪ್ರತಿ ಬೆಳಿಗ್ಗೆ ಅವರೇ ಏರಿಸುತ್ತಿದ್ದರಂತೆ, ಸಂಜೆ ಅವರೇ ಇಳಿಸಿ ಮಡಿಸುತ್ತಿದ್ದರಂತೆ. ನಲವತ್ತೊಂದು ದಿನ. ಹನ್ನೊಂದನೇ ತಾರೀಖು ಒಗೆದು ಒಣಗಿಸುವಾಗ, ಪಕ್ಕದಲ್ಲಿ ಯಾವುದೋ ಮಗುವಿನ ನೀಲಿ ಸಮವಸ್ತ್ರ ಇದ್ದದ್ದರಿಂದ ಕಣ್ಣಿಗೆ ಬಿತ್ತಂತೆ. "ನನ್ನ ತಂದೆಯನ್ನು ಕೊಂದ ಬಣ್ಣಕ್ಕೆ ನಾನು ಮಕ್ಕಳಿಂದ ನಲವತ್ತೊಂದು ದಿನ ವಂದನೆ ಮಾಡಿಸಿದ್ದೇನೆ. ಯಾರು ಹೊಲಿದರು ಎಂದು ನಾನು ಕೇಳುತ್ತಿಲ್ಲ. ನಾನು ಹೇಗೆ ನೋಡಲಿಲ್ಲ ಎಂಬುದೇ ನನಗೆ ಅರ್ಥವಾಗುತ್ತಿಲ್ಲ. ಬೇರೆ ಶಾಲೆಗಳ ಬಾವುಟವನ್ನೂ ದಯವಿಟ್ಟು ಪರೀಕ್ಷಿಸಿ." ಕೆಳಗೆ ಸಹಿ, ಶಾಲೆಯ ಮುದ್ರೆ.

ದೋಷದ ನಮೂನೆ ತೆಗೆದುಕೊಂಡೆ. ದೋಷ: ನಡುಪಟ್ಟಿ ಕಪ್ಪು. ಯಾರಿಂದ: ತಪಾಸಕಿ. ಕಾರಣ: ನೋಡಲಿಲ್ಲ. ಸರಿಪಡಿಸಿದ್ದು: ಮೇ 15.

ಮ್ಯಾನೇಜರ್ ಓದಿ, ಹೊಲಿದವರ ಕಾಲಂ ಖಾಲಿ ಬಿಟ್ಟಿದ್ದೀರಲ್ಲ ಎಂದರು. ಮುದ್ರೆ ಬಿದ್ದ ಮೇಲೆ ಬಾವುಟ ಹೊಲಿದವರದಲ್ಲ, ತಪಾಸಕಿಯದು, ನಿಯಮ ಪುಸ್ತಕದ ಎಂಟನೇ ಪುಟ ಎಂದೆ. ಅವರು ಪುಟ ತಿರುವಿ ನೋಡಿದರು. ಬಾವುಟ ಸರಿಯಾಗಿದೆ, ದೂರು ಕೊಟ್ಟವರೇ ಹೆಸರು ಕೇಳುತ್ತಿಲ್ಲ, ಹಾಗಾಗಿ ಇದು ಇಲಾಖೆಯೊಳಗಿನ ತಪ್ಪಾಗಿಯೇ ಮುಗಿಯುತ್ತದೆ ಎಂದರು. ಆಮೇಲೆ ಕಿಟಕಿಯ ಕಡೆ ನೋಡುತ್ತ, ಜೂನ್ ಒಂದರಿಂದ ನೀವು ಹೊಲಿಗೆ ವಿಭಾಗಕ್ಕೆ ಹೋಗಬೇಕಾಗುತ್ತದೆ ಎಂದರು. ಸರಿ ಎಂದೆ. ಮೂರನೇ ಯಂತ್ರ ಖಾಲಿ ಇದೆ.

ಮನೆಗೆ ಬಂದು ಅತ್ತಿಗೆಗೆ ಕಾಗದದ ಒಂದೊಂದು ಸಾಲೂ ಹೇಳಿದೆ. ನಮೂನೆಯಲ್ಲಿ ಬರೆದದ್ದೂ ಹೇಳಿದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಇಷ್ಟು ದಿನ ಕೇಳಲಾಗದ್ದನ್ನು ಆಗ ಕೇಳಿದೆ. ಕಣ್ಣು ಯಾವಾಗಿನಿಂದ ಹೀಗೆ? ಹೋದ ಚಳಿಗಾಲದಿಂದ ಎಂದರು. ಮೊದಲು ಮಂಜು, ಆಮೇಲೆ ಬಣ್ಣಗಳು ಒಂದರೊಳಗೊಂದು ಸೇರಿಕೊಂಡವಂತೆ. ಅಷ್ಟು ಗೊತ್ತಿದ್ದೂ ಹೊಲಿಯುತ್ತ ಕುಳಿತಿದ್ದಿರಾ, ಒಂದು ಮಾತು ಹೇಳಬಾರದಿತ್ತೇ ಎಂದೆ. ದನಿ ಏರಿಬಿಟ್ಟಿತು.

"ಹೇಳ್ಬೇಕಿತ್ತು," ಎಂದರು. "ಆದ್ರೆ ಭಯ ಇರ್ಲಿಲ್ಲ, ಪುಟ್ಟಿ. ನಾನು ತಪ್ಪಿದ್ರೂ ಮುಂದಿನ ಮೇಜಲ್ಲಿ ನೀನಿದ್ದೀಯಲ್ಲ, ನೀನು ನೋಡ್ತೀಯಲ್ಲ ಅಂತ."

ಅವರು ಕೈ ಚಾಚಿ ನನ್ನ ಮುಖ ಎಲ್ಲಿದೆ ಎಂದು ಹುಡುಕಿದರು, ನಾನು ಮುಂದೆ ಬಾಗಿದೆ. ಕಣ್ಣಿನ ಡಾಕ್ಟರು ಗುರುವಾರ ಹತ್ತು ಗಂಟೆಗೆ ಬರಹೇಳಿದ್ದಾರೆ, ಇಬ್ಬರೂ ಹೋಗುತ್ತೇವೆ.